ನಾನು ಕೂರದ ಕಂಬಳಿ

ತಪ್ಪು ನನ್ನದೇ. ಚಿತ್ರದುರ್ಗದ ಕ್ಷಯರೋಗ ಲ್ಯಾಬಿನಲ್ಲಿ ಕಫದ ಡಬ್ಬಿಗಳಿಗೆ ನಂಬರ್ ಬರೆಯುವ ಕೆಲಸ ನನ್ನದು. ಊರಿಗೆ ಹೋದರೆ ಮಾತ್ರ ದೊಡ್ಡ ವಿಜ್ಞಾನಿಯ ಗತ್ತು.

ಯಲ್ಲದಕೆರೆಯ ನಮ್ಮ ಮನೆಯಲ್ಲಿ ಅತ್ತಿಗೆಗೆ ಕ್ಷಯ ಬಂತು. ಮತ್ತೋಡಿನಲ್ಲಿದ್ದ ಅವಳ ತಾಯಿಗೂ ಇತ್ತು. ನಮ್ಮವರಿಗೆ ಅಷ್ಟೇ ಸಾಕಾಯಿತು: ಕಾಯಿಲೆ ತವರಿನಿಂದ ತಂದಳು, ತವರಿಗೇ ಹೋಗಲಿ, ಮಗು ಇಲ್ಲಿರಲಿ. ಮಾತ್ರೆ ನುಂಗಿದರೆ ವಾಸಿಯಾಗುತ್ತದೆ ಎಂದು ಹೇಳಿ ಹೇಳಿ ನನಗೆ ಸಾಕಾಗಿಹೋಯಿತು. ಕೊನೆಗೆ ಜಂಬ ಕೊಚ್ಚಿದೆ. ರೋಗಾಣುವಿನ ಡಿಎನ್‌ಎಯಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುವ ಜಾಗಗಳಿರುತ್ತವೆ, ಎಲ್ಲೆಲ್ಲಿ ಎಷ್ಟು ಸಲ ಎಂದು ಎಣಿಸಿದರೆ ಅಂಕಿಗಳ ಒಂದು ಸಾಲು ಸಿಗುತ್ತದೆ, ಸಾಲು ಬೇರೆಯಾದರೆ ತಳಿಯೂ ಬೇರೆ, ಕಾಯಿಲೆ ಬಂದದ್ದೂ ಬೇರೆಯವರಿಂದ ಎಂದೆ.

"ಕುರಿ ಕಿವಿ ಕೊಯ್ದು ಗುರುತು ಮಾಡ್ದಂಗೆ ಅನ್ನು," ಅಂದ ಅಪ್ಪ. "ಯಾರ ಮಂದೇದು ಅಂತ ಗೊತ್ತಾಗ್ತೈತೆ."

ಬೆಂಗಳೂರಿಗೆ ತಳಿ ಪರೀಕ್ಷೆಗೆ ಹೋದ ಮಾದರಿಗಳಲ್ಲಿ ಅತ್ತಿಗೆಯದೂ ಅವಳ ತಾಯಿಯದೂ ಇದ್ದವು. ಫಲಿತಾಂಶ ಬಂತು. ತಾಯಿಯ ಸಾಲಿಗೂ ಮಗಳ ಸಾಲಿಗೂ ಸಂಬಂಧವೇ ಇರಲಿಲ್ಲ. ಖುಷಿಯಿಂದ ಹಾಳೆ ಮಡಿಸುವಾಗ ಇನ್ನೊಂದು ನಂಬರ್ ಕಣ್ಣಿಗೆ ಬಿತ್ತು. ಅದರ ಸಾಲು ಅತ್ತಿಗೆಯದೇ, ಒಂದಂಕಿಯೂ ಆಚೀಚೆಯಿಲ್ಲ. ನಮ್ಮ ಲ್ಯಾಬಿನ ಫ್ರೀಜರಿನಲ್ಲಿ ಉಳಿದಿದ್ದು, ಉಳಿದವುಗಳ ಜೊತೆಗೇ ಬೆಂಗಳೂರಿಗೆ ಹೋಗಿದ್ದ ಹಳೆಯ ಮಾದರಿ ಅದು. ನನ್ನದು. ಅವಳು ಮದುವೆಯಾಗಿ ಬಂದ ವರ್ಷ ನನಗೆ ಕ್ಷಯವಾಗಿತ್ತು. ಮನೆಯಲ್ಲಿ ಟೈಫಾಯಿಡ್ ಎಂದಿದ್ದೆ. ಕೆಮ್ಮುತ್ತ ಮಲಗಿದ್ದವನಿಗೆ ಗಂಜಿ ತಂದುಕೊಟ್ಟವಳು ಅವಳೇ.

ಭಾನುವಾರ ಅತ್ತಿಗೆಯ ವಿಷಯ ತೀರ್ಮಾನಿಸಲು ಅಂಗಳದಲ್ಲಿ ಕಂಬಳಿ ಹಾಸಿದರು. ಕಂಬಳಿಯ ಮೇಲೆ ಕೂತು ನಮ್ಮಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಅಪ್ಪ, ಅಣ್ಣ ಕೂತಿದ್ದರು. ಅತ್ತಿಗೆ ಮಗುವನ್ನು ತಬ್ಬಿಕೊಂಡು ಬಾಗಿಲಲ್ಲಿದ್ದಳು.

ನಾನು ನಿಂತೇ ಹೇಳಿದೆ. "ಮತ್ತೋಡಿಂದ ಬಂದಿದ್ದಲ್ಲ. ಗುರುತು ಬೇರೆ ಐತೆ."

"ಮತ್ತೆ ಯಾರ ಮಂದೇದಪ್ಪ?" ಅಪ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದ. "ಕುಂತ್ಕಂಡು ಹೇಳು."

ಹೊಳಲ್ಕೆರೆಯಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು. ಕೂತರೆ ನಿಜ ಹೇಳಬೇಕು, ಹೇಳಿದರೆ ಆ ಸಂಬಂಧ ಹೋಯಿತು. ಮನೆಯೊಳಗೆ ಓಡಿಹೋಗೋಣವೆಂದರೆ ಬಾಗಿಲಲ್ಲಿ ಅವಳು. ಅಂಥ ಹೆದರಿಕೆ ನನಗೆ ರೋಗ ಬಂದಾಗಲೂ ಆಗಿರಲಿಲ್ಲ.

"ಬಿಡ್ರಿ ಮಾವ," ಅಂದಳು ಅತ್ತಿಗೆ. "ನಮ್ಮವ್ವಂದಲ್ಲ ಅಂತ ಗೊತ್ತಾತಲ್ಲ, ಸಾಕು."

ಅಪ್ಪ ತಲೆಯಾಡಿಸಿ ಎದ್ದ. ಅವಳು ಮನೆಯಲ್ಲೇ ಉಳಿದಳು. ಊಟಕ್ಕೆ ಮುಂಚೆ ನನ್ನ ಕೈಗೆ ನೀರು ಹಾಕುತ್ತ ಮೆಲ್ಲಗೆ ಹೇಳಿದಳು: "ನೀನು ಆವಾಗ ನುಂಗ್ತಿದ್ದ ಮಾತ್ರೆ, ಈಗ ನಾನು ನುಂಗೋ ಮಾತ್ರೆ, ಎರಡೂ ಒಂದೇ ಬಣ್ಣ ಅವೆ ಕಣಪ್ಪ."

ಆ ಕಂಬಳಿಯ ಮೇಲೆ ನಾನು ಇವತ್ತಿಗೂ ಕೂತಿಲ್ಲ.