ಅಜ್ಜಿಯ ಕೌದಿ, ಗೆಳತಿಯ ಪುಸ್ತಕ

ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಕಂಟೋನ್ಮೆಂಟಿನಲ್ಲಿ ಪಕ್ಕದ ಮನೆಯ ಹುಡುಗಿ ನನ್ನ ತರಗತಿಯ ಗೆಳತಿ. ಅವಳ ಮುತ್ತಜ್ಜ ಗೋರಿಕಲ್ಲು ಕೆತ್ತಲು ಇಟಲಿಯಿಂದ ಬಂದು ಇಲ್ಲೇ ಉಳಿದವನು. ಅವನ ಪೆಟ್ಟಿಗೆಗೆ ಗೆದ್ದಲು ಹಿಡಿದಿತ್ತು. ಅದಕ್ಕೇ ಅವಳು ಅದರೊಳಗಿನ ಉಳಿ, ಜಪಮಾಲೆ, ಅವನ ತಾಯಿಯ ಕಪ್ಪು ಲೇಸಿನ ಶಾಲು ಎಲ್ಲವನ್ನೂ ಒಂದು ದಪ್ಪ ಪುಸ್ತಕದಲ್ಲಿ ಬಣ್ಣದ ಚಿತ್ರವಾಗಿ ಬರೆದು, ಪಕ್ಕದಲ್ಲಿ ಯಾರದೆಂದು ಗುರುತು ಹಾಕುತ್ತಿದ್ದಳು. ಶಾಲಿನ ತೂತುಗಳನ್ನೂ ಬಿಟ್ಟಿರಲಿಲ್ಲ.

ನನಗೆ ಆ ಪುಸ್ತಕ ಕಂಡರೆ ಹೊಟ್ಟೆಕಿಚ್ಚು. ನನ್ನ ಮುತ್ತಜ್ಜನ ಹೆಸರು ಕೂಡ ನನಗೆ ಗೊತ್ತಿರಲಿಲ್ಲ.

"ನಮ್ಮನ್ಯಾಗೂ ಹಳೇದು ಐತಿ," ಎಂದುಬಿಟ್ಟೆ. ಕುರುಗೋಡಿನಿಂದ ಅಜ್ಜಿ ಬಂದಾಗ ಹಳೇ ಬಟ್ಟೆಯ ತುಂಡು ಸೇರಿಸಿ ಹೊಲಿದ ಅವಳ ಕೌದಿಯನ್ನು ಗೆಳತಿಯ ಮುಂದೆ ಹಾಸಿದೆ. ಅವಳನ್ನು ಸೋಲಿಸುವುದಷ್ಟೇ ನನ್ನ ಉದ್ದೇಶ.

ಗೆಳತಿ ಕೌದಿಯ ಕೆಂಪು ತುಂಡಿನ ಮೇಲೆ ಬೆರಳಿಟ್ಟಳು. "ಅಜ್ಜಿ, ಇದು ಯಾರ ಸೀರಿರಿ?"

"ನಮ್ಮವ್ವಂದು. ಸಿರುಗುಪ್ಪದಾಗ ನನ್ನ ಹಡದಾಗ ಉಟ್ಟಿದ್ದು."

"ಈ ನೀಲಿದು?"

"ನನ್ನ ತಮ್ಮನ ಅಂಗಿ. ಹೊಳಿ ಪಾಲಾದ."

ಅಜ್ಜಿಗೆ ತಮ್ಮನಿದ್ದ ಸಂಗತಿ ನನಗೆ ತಿಳಿದದ್ದು ಆವತ್ತೇ. ಮಧ್ಯಾಹ್ನವೆಲ್ಲ ಗೆಳತಿ ಕೇಳಿದಳು, ಅಜ್ಜಿ ಹೇಳಿದಳು. ಕೊನೆಗೆ ನನಗೆ ತಡೆಯಲಾಗಲಿಲ್ಲ.

"ನನಗ್ಯಾಕ ಒಂದಿನಾನೂ ಹೇಳಲಿಲ್ಲ ಬೇ?"

"ನೀ ಅದನ್ನ ಹೊದ್ಕೊಂಡು ಗೊರಕಿ ಹೊಡದಿ. ಯಾವತ್ತರ ಕೇಳಿದ್ಯೇನ?"

ಗೆಳತಿಗೆ ನಗು ಬಂತು. ಸಂಜೆಯೊಳಗೆ ಅವಳು ಕೌದಿಯನ್ನೂ ಪುಸ್ತಕಕ್ಕೆ ಇಳಿಸಿದ್ದಳು: ಇಟಲಿಯ ಶಾಲಿನ ಹಾಳೆಯ ಹಿಂಬದಿಗೇ ಈಗ ನಮ್ಮ ಕೌದಿ, ತುಂಡು ತುಂಡಿಗೂ ಗುರುತು.

"ಆ ಹಾಳಿ ನನಗ ಹರಕೊಡು," ಎಂದೆ.

"ಹರದ್ರ ನಮ್ಮ ಶಾಲೂ ಹೋಗತೈತಿ. ಅಜ್ಜಿ ಇಲ್ಲೇ ಅದಾರಲ್ಲ, ನೀನೂ ಕೇಳಿ ಬರಕೋ."

ಅವಳಿಂದ ಕಲಿತಂತಾಗುತ್ತದೆಂದು ನಾನು ಕೇಳಲೂ ಇಲ್ಲ, ಬರೆಯಲೂ ಇಲ್ಲ.

ಮರುವರ್ಷ ಅಜ್ಜಿ ತೀರಿಕೊಂಡಳು. ಸಾಯುವಾಗ ಹೊದ್ದಿದ್ದನ್ನು ನಮ್ಮವರು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ನಾನು ಕುರುಗೋಡು ಮುಟ್ಟುವಷ್ಟರಲ್ಲಿ ಕೌದಿಯೂ ಅವಳ ಜೊತೆ ಮಣ್ಣಿಗೆ ಹೋಗಿತ್ತು.

ಬಳ್ಳಾರಿಗೆ ಮರಳಿದವಳೇ ನೋಟುಬುಕ್ಕು ಹಿಡಿದು ಪಕ್ಕದ ಮನೆಗೆ ಹೋದೆ. ಗೆಳತಿ ಕೌದಿಯ ಪುಟ ತೆರೆದಿಟ್ಟಳು. "ಕೈ ತೊಳಕೊಂಡು ಬಾ," ಎಂದಳಷ್ಟೇ. ತೊಳೆದು ಬಂದೆ. ಕೌದಿಯನ್ನು ನೋಟುಬುಕ್ಕಿಗೆ ಇಳಿಸಿಕೊಂಡೆ; ನನ್ನ ಕೆಂಪು ಅವಳ ಕೆಂಪಿನಂತೆ ಬರಲಿಲ್ಲ. ನೀಲಿ ತುಂಡಿನ ಪಕ್ಕದಲ್ಲಿ ಅಜ್ಜಿಯ ತಮ್ಮನ ಹೆಸರಿತ್ತು. ಅದನ್ನು ಯಾವಾಗ ಕೇಳಿಕೊಂಡಿದ್ದಳೋ. ಅವಳ ಅಕ್ಷರ ನೋಡಿ ಹೆಸರನ್ನು ಬರೆದುಕೊಂಡೆ. ಹೊಟ್ಟೆಕಿಚ್ಚು ಆಗಲೂ ಇತ್ತು.