ಹುಳದ ಮನೆಯಲ್ಲಿ ಬೆಳಕು ಆರಿಸಿದ್ದು

ಕತ್ತಲೆಯಲ್ಲೂ ಹಗಲಿನಂತೆ ಚಿತ್ರ ತೆಗೆಯುತ್ತದೆ ಎಂಬ ಒಂದೇ ಕಾರಣಕ್ಕೆ ಆ ದುಬಾರಿ ಕ್ಯಾಮೆರಾ ಕೊಂಡಿದ್ದೆ. ಹಾಗಾಗಿ ಸಾಕ್ಷ್ಯಚಿತ್ರವೊಂದರ ಚಿತ್ರೀಕರಣಕ್ಕೆ ಹೋದಾಗ, ಕನಕಪುರದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆಹುಳ ಸಾಕುವ ಜಯಮ್ಮ, "ಹುಳ ಜ್ವರಕ್ಕೆ ಕೂತವೆ, ಲೈಟ್ ಹಾಕಂಗಿಲ್ಲ" ಎಂದಾಗ ನನಗೆ ಖುಷಿಯೇ ಆಯಿತು. ಜ್ವರವೆಂದರೆ ಹುಳಗಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು ಮಲಗುವ ಹೊತ್ತು. ಆಗ ಅವನ್ನು ಕೆಣಕಿದರೆ ಬೆಳೆಯೇ ಕೈತಪ್ಪಿದಂತೆ.

ಕಿಟಕಿಗಳಿಗೆಲ್ಲ ಗೋಣಿಚೀಲ ಕಟ್ಟಿದ್ದರಿಂದ ಒಳಗೆ ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಕ್ಯಾಮೆರಾ ಆನ್ ಮಾಡಿದೆ. ಪರದೆಯ ಮೇಲೆ ತಟ್ಟೆ, ಸೊಪ್ಪು, ಹುಳ ಎಲ್ಲವೂ ಬೆಳ್ಳಗೆ ಹೊಳೆದವು. ಹೆಮ್ಮೆಯಿಂದ ಜಯಮ್ಮನವರಿಗೆ ತೋರಿಸಿದೆ.

"ಅಯ್ಯೋ ನಿನ್ ಮನೆ ಕಾಯ್ವಾಗ! ಬ್ಯಾಡ ಅಂದ್ರೂ ಲೈಟ್ ಹಾಕ್ಬುಟ್ಟಲ್ಲಣ್ಣ!"

"ಇಲ್ಲಕ್ಕ, ಎಲ್ಲೂ ಲೈಟಿಲ್ಲ. ಮನೆ ಕತ್ತಲಾಗೇ ಇದೆ, ನೋಡಿ."

ಅವರು ಮನೆ ನೋಡಿದರು, ಪರದೆ ನೋಡಿದರು. "ಮತ್ತೆ ಇದ್ರೊಳಗಿರೋ ಬೆಳಕು ಎಲ್ಲಿಂದ ಬತ್ತು? ನಮ್ ಹುಳದ ಮ್ಯಾಲೇ ತಾನೆ ಬಿದ್ದಿರೋದು?"

ಕ್ಯಾಮೆರಾದೊಳಗಿನ ಸೆನ್ಸರ್ ಇದ್ದ ಚೂರುಪಾರು ಬೆಳಕನ್ನೇ ಹಿಗ್ಗಿಸಿ ತೋರಿಸುತ್ತದೆ ಎಂದು ಸಾಕಷ್ಟು ವಿವರಿಸಿದೆ.

"ಅವೆಲ್ಲ ನಂಗೊತ್ತಿಲ್ಲ. ಮೊದ್ಲು ಆರ್ಸು, ಇಲ್ಲಾಂದ್ರೆ ಆಚೆ ನಡಿ."

ಬೇರೆ ದಾರಿಯಿಲ್ಲದೆ, ಕ್ಯಾಮೆರಾ ಬೆಳಕು ಹಿಡಿಯುವ ಶಕ್ತಿಯನ್ನು ಹಂತಹಂತವಾಗಿ ಇಳಿಸಿದೆ. ಜಯಮ್ಮ ಪಕ್ಕದಲ್ಲೇ ನಿಂತು "ಇನ್ನೊಸಿ, ಇನ್ನೊಸಿ" ಎನ್ನುತ್ತಿದ್ದರು. ಪರದೆ ಪೂರ್ತಿ ಕಪ್ಪಾದ ಮೇಲೆ, "ಹಾಂ, ಈಗ ನೆಮ್ಮದಿಯಾಗಿ ಮಲಗ್ತವೆ. ಎಷ್ಟು ಬೇಕೋ ತಕ್ಕೊ" ಎಂದರು.

ನಾನೂ ಬೇಕಾದಷ್ಟು ತೆಗೆದುಕೊಂಡು ಬಂದೆ. ಅದನ್ನು ನೋಡಿದ ನಮ್ಮ ಸಾಕ್ಷ್ಯಚಿತ್ರದ ಎಡಿಟರ್, ಒಂದು ಚುಕ್ಕೆಯೂ ಇಲ್ಲದ ಇಂಥ ಶುದ್ಧ ಕಪ್ಪು ಕಡಿಮೆ ಬೆಲೆಯ ಕ್ಯಾಮೆರಾದಲ್ಲಿ ಬರುವುದೇ ಇಲ್ಲ ಎಂದು ಸಮಾಧಾನ ಹೇಳಿದ.