ಪ್ರೇಮ್‌ಕುಮಾರನ ಪರ್ಸೆಂಟು

ಪುಟ್ಟಮಾದಮ್ಮನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಯಾದವಗಿರಿಯ ಎರಡು ಮನೆಗಳಲ್ಲಿ ಅಡುಗೆ ಕೆಲಸ. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ಮನಸ್ಸೆಲ್ಲ ಮಂಡಿ ಮೊಹಲ್ಲಾದ ನಮ್ಮ ವಠಾರದಲ್ಲಿ. ಅಲ್ಲಿ, ಅವಳೇ ಹಾಕಿ ಬಂದ ಬೀಗದ ಹಿಂದೆ, ಇಪ್ಪತ್ತಾರು ವರ್ಷದ ಮಗ ಪ್ರೇಮ್‌ಕುಮಾರ್. ಅವನಿಗೆ ಆಟಿಸಂ. ಹದಿನೆಂಟು ತುಂಬುವವರೆಗೆ ವಿಶೇಷ ಶಾಲೆ ಇತ್ತು. ಆಮೇಲೆ ಅವನು ಯಾರ ಕಣ್ಣಿಗೂ ಬೀಳಲಿಲ್ಲ. ಹದಿನೆಂಟನೇ ಹುಟ್ಟುಹಬ್ಬದ ದಿನ ಆಟಿಸಂ ವಾಸಿಯಾಗುತ್ತದೆ ಎಂದು ಸರ್ಕಾರದವರು ಅಂದುಕೊಂಡಿದ್ದರೋ ಏನೋ!

ಹೋದ ವರ್ಷ ಇಂಥ ದೊಡ್ಡವರನ್ನು ಹಗಲು ನೋಡಿಕೊಳ್ಳುವ ಕೇಂದ್ರವೊಂದಕ್ಕೆ ಅನುದಾನ ಬಂತು. ಸೀಟು ಬೇಕಾದರೆ ಹೊಸ ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ನಲವತ್ತು ಪರ್ಸೆಂಟಾದರೂ ಇರಬೇಕು. ಅರ್ಜಿ ತುಂಬಿದ್ದು ಎದುರು ಮನೆಯ ನಾನೇ.

ಡಾಕ್ಟರ ಮುಂದೆ ಹೋಗುವ ಮೊದಲು ಈ ಮಹಾರಾಯಿತಿ ಏನು ಮಾಡಿದಳು ಗೊತ್ತೇ? ವಾರವಿಡೀ ಮಗನಿಗೆ ಪಾಠ. ಕೈ ಮುಗಿ, ಹೆಸರು ಹೇಳು, ಕಿವಿ ಮುಚ್ಕೋಬೇಡ. ಎಣ್ಣೆ ಹಚ್ಚಿ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿದಳು. ನಾಲ್ಕು ಜನರ ಮುಂದೆ ಮಗ ಅಚ್ಚುಕಟ್ಟಾಗಿ ನಿಂತರೇನೇ ಅವಳಿಗೆ ಮರ್ಯಾದೆ. ಅವನೂ ಹೇಳಿಕೊಟ್ಟಂತೆಯೇ ನಡೆದುಕೊಂಡ. ಮೂವತ್ತೈದು ಪರ್ಸೆಂಟು ಎಂದು ಬರೆದರು.

"ಎಷ್ಟು ಚೆನ್ನಾಗಿ ಮಾಡ್ದ ಕಣಮ್ಮ, ಅದಕ್ಕೇ ಫೇಲ್ ಮಾಡ್ಬುಟ್ರು!" ಎಂದು ಜಗಲಿಯ ಮೇಲೆ ಕೂತು ಅತ್ತಳು. ನನಗೆ ಅವಳ ಮೇಲೆ ಸಿಟ್ಟು, ಆ ಪರ್ಸೆಂಟಿನ ಮೇಲೆ ಇನ್ನೂ ಸಿಟ್ಟು.

ಮತ್ತೆ ಪರೀಕ್ಷೆ ಮಾಡಿ ಎಂದು ಅರ್ಜಿ ಹಾಕಿದೆವು. ಈ ಸಲ ನಾನೂ ಜೊತೆಗೆ ಹೋದೆ. "ಇರೋದನ್ನ ಇದ್ದಂಗೇ ಹೇಳ್ಬುಡಕ್ಕ," ಎಂದಿದ್ದೆ. ಡಾಕ್ಟರ ಮುಂದೆ ಅವಳು ಸೆರಗು ಹಿಂಡುತ್ತಾ ಹೇಳಿದಳು: "ಒಬ್ನೇ ಸ್ನಾನ ಮಾಡಕ್ಕೆ ಬರಲ್ಲ ಸಾರ್. ರಸ್ತೆ ದಾಟಕ್ಕೆ ಬರಲ್ಲ ಸಾರ್. ಹಸಿವಾದ್ರೆ ಕೇಳಕ್ಕೂ ಬರಲ್ಲ. ಕುಕ್ಕರ್ ಕೂಗಿದ್ರೆ ಗೋಡೆಗೆ ತಲೆ ಚಚ್ಕೋತಾನೆ." ಇಪ್ಪತ್ತಾರು ವರ್ಷ ಯಾರ ಮುಂದೆಯೂ ಆಡದ ಮಾತುಗಳು. ಪ್ರೇಮ್ ಪಕ್ಕದಲ್ಲೇ ಕೂತು ಫ್ಯಾನು ನೋಡುತ್ತಿದ್ದ. ಅರವತ್ತೈದು ಪರ್ಸೆಂಟಾಯಿತು.

ವಾಪಸು ಬರುವಾಗ, ಬಸ್ಸಿನಲ್ಲಿ, ಪ್ರೇಮ್ ಶುರುಮಾಡಿದ. "ಒಬ್ನೇ ಸ್ನಾನ ಮಾಡಕ್ಕೆ ಬರಲ್ಲ ಸಾರ್. ರಸ್ತೆ ದಾಟಕ್ಕೆ ಬರಲ್ಲ ಸಾರ್." ಒಂದಕ್ಷರ ಬಿಡದೆ, ತಾಯಿಯದೇ ದನಿಯಲ್ಲಿ. ಜನ ತಿರುಗಿ ನೋಡಿದರು. ಪುಟ್ಟಮಾದಮ್ಮ ಅವನ ಬಾಯಿ ಮುಚ್ಚಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಈಗ ಅವನು ದಿನಾ ಕೇಂದ್ರಕ್ಕೆ ಹೋಗುತ್ತಾನೆ. ಬೀಗ ಮೊಳೆಯಲ್ಲಿ ನೇತಾಡುತ್ತಿದೆ. ಅವಳ ತಳಮಳ ಮಾತ್ರ ನಿಂತಿಲ್ಲ. ಸಂಜೆಯಾದರೆ ಅವನೆದುರು ಕೂತು, "ಪ್ರೇಮಂಗೆ ಎಲ್ಲಾ ಬರ್ತದೆ ಅನ್ನು ಮಗ," ಎಂದು ಹೇಳಿಕೊಡುತ್ತಾಳೆ.

"ಬರಲ್ಲ ಸಾರ್," ಎನ್ನುತ್ತಾನೆ ಅವನು.